ಗೊತ್ತಿರುವವರು ಗ್ರೂಪಿನಲ್ಲಿ ಬಾಯಿ ಬಿಡಬೇಕಾದರೆ: ಅಡಿಕೆ ಗ್ರೂಪ್ ನಡೆಸುವವರಿಗೆ

ಮಲೆನಾಡು, ಕರಾವಳಿಯ ಯಾವ ಅಡಿಕೆ ಗ್ರೂಪಿಗೆ ಬೇಕಾದರೂ ಹೋಗಿ ನೋಡಿ. ಬೆಳಗ್ಗೆ ಶುಭೋದಯದ ಚಿತ್ರ, ಮಧ್ಯಾಹ್ನ ಪೇಟೆ ಧಾರಣೆ, ಸಂಜೆ ಎಲ್ಲಿಂದಲೋ ಬಂದ ಫಾರ್ವರ್ಡ್. ನಡುವೆ ಯಾರೋ ಒಬ್ಬರು ಹಳದಿಯಾದ ಸೋಗೆಯ (ಅಡಿಕೆ ಮರದ ಎಲೆಯ) ಫೋಟೋ ಹಾಕಿ "ಇದಕ್ಕೆ ಏನು ಮಾಡಬೇಕು?" ಅಂತ ಕೇಳಿರುತ್ತಾರೆ. ಉತ್ತರ ಬರುವುದಿಲ್ಲ. ಬಂದರೂ ಔಷಧಿ ಅಂಗಡಿಯವರದ್ದು ಒಂದು, ಏನೂ ಗೊತ್ತಿಲ್ಲದೆ ಉತ್ಸಾಹದಲ್ಲಿ ಹೇಳಿದವರದ್ದು ಇನ್ನೊಂದು. ಆದರೆ ಅದೇ ಗ್ರೂಪಿನಲ್ಲಿ ಜೀವಮಾನವಿಡೀ ತೋಟ ಮಾಡಿದವರು ಇದ್ದಾರೆ. ಅವರು ಫೋಟೋ ನೋಡಿದ್ದಾರೆ, ಮನಸ್ಸಿನಲ್ಲೇ ಉತ್ತರವನ್ನೂ ಅಂದುಕೊಂಡಿದ್ದಾರೆ, ಫೋನ್ ಪಕ್ಕಕ್ಕಿಟ್ಟು ತೋಟಕ್ಕೆ ಹೋಗಿದ್ದಾರೆ.

ಇದನ್ನು ಬರೆಯುತ್ತಿರುವುದು ಅಂಥ ಗ್ರೂಪ್ ನಡೆಸುವ ಅಡ್ಮಿನ್‌ಗಳಿಗೆ. ವಾಟ್ಸಾಪ್ ಇರಲಿ, ಫೇಸ್‌ಬುಕ್ ಇರಲಿ, ಟೆಲಿಗ್ರಾಂ ಇರಲಿ, ಕೆಲಸ ಒಂದೇ. ಕಾಳುಮೆಣಸು, ಕಾಫಿ, ಜೇನು, ಹೈನುಗಾರಿಕೆ ಗ್ರೂಪಿನವರೂ ಇದನ್ನು ತಮಗೆ ಬೇಕಾದ ಹಾಗೆ ತಿದ್ದಿಕೊಂಡು ಬಳಸಬಹುದು.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಗೊತ್ತಿರುವವರು ಹೇಳುವುದು ಎರಡು ವಿಷಯ ಕೂಡಿಬಂದಾಗ: ಇದನ್ನು ನಾನೇ ಹೇಳಬೇಕು ಅಂತ ಅವರಿಗೆ ಅನ್ನಿಸಬೇಕು, ಮತ್ತು ಹೇಳಿದ್ದರಿಂದ ಏನಾಯಿತು ಅನ್ನುವುದು ಅವರ ಕಿವಿಗೆ ಬೀಳಬೇಕು. ಅಡ್ಮಿನ್ ಕೆಲಸ ಅಂದರೆ ಈ ಎರಡನ್ನೂ ಮಾಡಿಸುವುದು.

ಸುಮ್ಮನಿರುವವರು ಯಾಕೆ ಸುಮ್ಮನಿದ್ದಾರೆ

ಮೊದಲು ಒಂದು ಸಮಾಧಾನ. ಎಲ್ಲರೂ ಮಾತಾಡುವ ಗ್ರೂಪ್ ಜಗತ್ತಿನಲ್ಲೇ ಇಲ್ಲ. ಜನ ಜಾಲತಾಣಗಳನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ ಅನ್ನುವವರು 2006ರಲ್ಲಿ ಇದಕ್ಕೆ ಒಂದು ಅಂದಾಜು ಲೆಕ್ಕ ಕೊಟ್ಟಿದ್ದರು: ನೂರು ಜನರಲ್ಲಿ 90 ಮಂದಿ ಬರೀ ಓದುತ್ತಾರೆ, 9 ಮಂದಿ ಆಗೀಗ ಏನಾದರೂ ಹಾಕುತ್ತಾರೆ, ಒಬ್ಬರು ಮಾತ್ರ ಯಾವಾಗಲೂ ಬರೆಯುತ್ತಾರೆ. ಎಲ್ಲ ಗ್ರೂಪಿಗೂ ಇದು ಹಾಗೇ ಹೊಂದುತ್ತದೆ ಅಂತಲ್ಲ, ಆದರೆ ಅಡ್ಮಿನ್ ಆದವರಿಗೆ ಈ ಲೆಕ್ಕ ಕಂಡೇ ಇರುತ್ತದೆ. ಆದ್ದರಿಂದ "ಯಾರೂ ಮಾತಾಡುತ್ತಿಲ್ಲ, ಎಲ್ಲರೂ ಸಕ್ರಿಯರಾಗಿ" ಅಂತ ವಾರಕ್ಕೊಂದು ಸಲ ಬೈಯುವುದನ್ನು ಬಿಡಿ. ಓದುವವರು ಓದಲಿ. ಅವರೂ ಕಲಿಯುತ್ತಿದ್ದಾರೆ. ನಿಮಗೆ ಬೇಕಾಗಿರುವುದು ಗೊತ್ತಿದ್ದೂ ಬಾಯಿ ಬಿಡದ ಕೆಲವರು ಮಾತ್ರ.

ಅವರನ್ನು ಒಬ್ಬೊಬ್ಬರಾಗಿ ಫೋನಿನಲ್ಲಿ ಮಾತಾಡಿಸಿ ನೋಡಿ, ಕಾರಣ ಗೊತ್ತಾಗುತ್ತದೆ. ಸ್ವಾರ್ಥ ಅನ್ನುವುದು ಬಹಳ ಕಮ್ಮಿ. ಒಬ್ಬರಿಗೆ ಕನ್ನಡ ಟೈಪ್ ಮಾಡಲು ಬರುವುದಿಲ್ಲ. ಇನ್ನೊಬ್ಬರಿಗೆ "ನಾನು ಹೇಳಿದರೆ ದೊಡ್ಡಸ್ತಿಕೆ ತೋರಿಸಿದ ಹಾಗೆ ಆಗುತ್ತೆ" ಅನ್ನುವ ಸಂಕೋಚ, ಇದು ನಮ್ಮ ಊರುಗಳಲ್ಲಿ ತುಂಬ ಜಾಸ್ತಿ. ಮತ್ತೊಬ್ಬರು ಹಿಂದೆ ಯಾವಾಗಲೋ ಒಂದು ಉತ್ತರ ಕೊಟ್ಟಿದ್ದರು, ಯಾರೋ "ಅದೆಲ್ಲ ಹಳೇ ಕಾಲದ್ದು" ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕಿದರು, ಅಲ್ಲಿಗೆ ಮುಗಿಯಿತು. ಇಳುವರಿ ಹೇಳಿದರೆ ನೆರೆಕರೆಯವರ ಕಣ್ಣು ಬೀಳುತ್ತದೆ ಅಂತ ಸುಮ್ಮನಿರುವವರೂ ಇದ್ದಾರೆ. ಕೃಷಿ ಮಾಡುವ ಹೆಂಗಸರಿಗೆ ಇರುವ ಕಾರಣ ಬೇರೆಯೇ, ಅದಕ್ಕೆ ಆಮೇಲೆ ಬರುತ್ತೇನೆ.

ಇಷ್ಟೆಲ್ಲ ಅಡ್ಡಿ ಇದ್ದರೂ ಕೆಲವರು ಹೇಳುತ್ತಾರಲ್ಲ, ಅವರು ಯಾಕೆ ಹೇಳುತ್ತಾರೆ? ಇದರ ಬಗ್ಗೆ ಅಧ್ಯಯನಗಳೇ ನಡೆದಿವೆ. ಅಮೆರಿಕದ ಕಾನೂನು ವೃತ್ತಿಯವರ ಒಂದು ಆನ್‌ಲೈನ್ ಬಳಗವನ್ನು ಮಾಲಿ ವಾಸ್ಕೊ ಮತ್ತು ಸಮೀರ್ ಫರಾಜ್ ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಅಲ್ಲಿ ಜಾಸ್ತಿ ಉತ್ತರ ಕೊಡುತ್ತಿದ್ದವರು ಮೂರು ಥರದವರು. ಇದರಿಂದ ತಮ್ಮ ವೃತ್ತಿಯವರ ನಡುವೆ ಒಳ್ಳೆಯ ಹೆಸರು ಬರುತ್ತದೆ ಅಂತ ನಂಬಿದವರು, ಹೇಳಿಕೊಳ್ಳುವಷ್ಟು ಅನುಭವ ಇದ್ದವರು, ಬಳಗದ ಹಲವರ ಜತೆ ಮಾತುಕತೆಯ ನಂಟು ಇದ್ದವರು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ: "ನಾನು ಕೊಟ್ಟರೆ ನನಗೂ ವಾಪಸ್ ಸಿಗುತ್ತದೆ" ಅನ್ನುವ ನಿರೀಕ್ಷೆಗೂ ಅವರು ಉತ್ತರ ಕೊಡುವುದಕ್ಕೂ ಸಂಬಂಧವೇ ಕಾಣಲಿಲ್ಲ. ಕೊಟ್ಟು ತೆಗೆದುಕೊಳ್ಳುವ ವ್ಯಾಪಾರದ ಲೆಕ್ಕದಲ್ಲಿ ಯಾರೂ ಅಲ್ಲಿ ಕೂತಿರಲಿಲ್ಲ.

ನಮಗೆ ಇದು ಹೊಸದೇನಲ್ಲ. ವಾಟ್ಸಾಪ್ ಕಣ್ಣಿಗೆ ಬೀಳುವ ಎಷ್ಟೋ ವರ್ಷ ಮೊದಲೇ, 1988ರಲ್ಲಿ, ಪುತ್ತೂರಿನಿಂದ ಅಡಿಕೆ ಪತ್ರಿಕೆ ಶುರುವಾಯಿತು. ಬೆಳೆಗಾರರ ಅನುಭವವನ್ನು ಬೆಳೆಗಾರರೇ ಬರೆಯುವ ಪತ್ರಿಕೆ. ಜೀವನದಲ್ಲಿ ಒಂದು ಪತ್ರ ಬಿಟ್ಟು ಬೇರೇನೂ ಬರೆಯದವರು ಅದರಲ್ಲಿ ಲೇಖನ ಬರೆದಿದ್ದಾರೆ. ಅದರಿಂದ ಯಾರಿಗೂ ದುಡ್ಡು ಆಗುತ್ತಿರಲಿಲ್ಲ. ಹೆಸರು, ಊರು ಅಚ್ಚಾಗುತ್ತಿತ್ತು, ಓದಿದವರು ಹುಡುಕಿಕೊಂಡು ತೋಟಕ್ಕೆ ಬರುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು. ಈಗಲೂ ಅಷ್ಟೇ ಸಾಕು, ಆದರೆ ಗ್ರೂಪಿನಲ್ಲಿ ಅದು ತಾನಾಗಿ ಆಗುವುದಿಲ್ಲ.

ಗ್ರೂಪು ಚಿಕ್ಕದಿರಲಿ

ವಾಟ್ಸಾಪ್ ಗ್ರೂಪಿನಲ್ಲಿ 1024 ಜನ ಸೇರಬಹುದು. ಟೆಲಿಗ್ರಾಂನಲ್ಲಿ ಎರಡು ಲಕ್ಷದವರೆಗೆ. ಸೇರಬಹುದು ಅಂತ ಸೇರಿಸಬೇಡಿ. ತುಂಬಿ ತುಳುಕುವ ಗ್ರೂಪಿನಲ್ಲಿ ಪ್ರತಿಯೊಬ್ಬರೂ "ಬೇರೆ ಯಾರಾದರೂ ಹೇಳುತ್ತಾರೆ" ಅಂದುಕೊಳ್ಳುತ್ತಾರೆ, ಕೊನೆಗೆ ಯಾರೂ ಹೇಳುವುದಿಲ್ಲ. ಒಂದು ಬೆಳೆ, ಒಂದೋ ಎರಡೋ ತಾಲೂಕು, ಮುಖ ಪರಿಚಯ ಆಗುವಷ್ಟು ಜನ. ಸುಳ್ಯದ ಮಳೆಯಲ್ಲಿ ತೋಟ ಮಾಡುವವರಿಗೂ ಚನ್ನಗಿರಿಯಲ್ಲಿ ನೀರು ಹಾಯಿಸಿ ಬೆಳೆಯುವವರಿಗೂ ಬೆಳೆ ಒಂದೇ ಆದರೂ ಸಮಸ್ಯೆ ಒಂದೇ ಅಲ್ಲ. ಒಬ್ಬರದ್ದು ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು), ಒಬ್ಬರದ್ದು ಕೆಂಪಡಿಕೆ (ಹಸಿ ಕಾಯಿ ಸುಲಿದು ಬೇಯಿಸಿ ಒಣಗಿಸಿದ್ದು). ಎಲ್ಲರನ್ನೂ ಒಂದೇ ಗ್ರೂಪಿಗೆ ಹಾಕಿದರೆ ಅರ್ಧ ಜನಕ್ಕೆ ಅರ್ಧ ಮಾತು ಸಂಬಂಧವೇ ಇಲ್ಲದ್ದು ಆಗುತ್ತದೆ, ಆಮೇಲೆ ಅವರು ಗ್ರೂಪ್ ಮ್ಯೂಟ್ ಮಾಡಿಬಿಡುತ್ತಾರೆ.

ಹೊಸಬರು ಸೇರಿದಾಗ ನಿಯಮದ ಪಟ್ಟಿ ಕಳಿಸುವ ಬದಲು ಒಂದು ಪ್ರಶ್ನೆ ಕೇಳಿ: "ನಿಮ್ಮ ತೋಟ ಎಲ್ಲಿ, ಅದರಲ್ಲಿ ನೀವು ಮಾಡಿ ನೋಡಿ ಚೆನ್ನಾಗಿ ಆದ ಒಂದು ಕೆಲಸ ಯಾವುದು?" ಒಬ್ಬರು ಇಂಗುಗುಂಡಿ ಅನ್ನುತ್ತಾರೆ, ಒಬ್ಬರು ಜಾಯಿಕಾಯಿ ಅಂತರ ಬೆಳೆ ಅನ್ನುತ್ತಾರೆ, ಒಬ್ಬರು ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಗೊನೆಗೆ ಕೊಟ್ಟೆ (ಮಳೆ ತಾಗದ ಹಾಗೆ ಹೊದಿಕೆ) ಕಟ್ಟುವುದನ್ನು ಇನ್ನೂ ಬಿಟ್ಟಿಲ್ಲ ಅನ್ನುತ್ತಾರೆ. ಅದನ್ನು ನೀವು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲಕ್ಕಿಂತ ಹೆಚ್ಚು ಬಳಕೆಗೆ ಬರುವುದು ಈ ನೋಟ್‌ಬುಕ್ಕೇ.

ಹೊಸಬರು ಬಂದ ಮೊದಲ ಕೆಲವು ದಿನ ಗ್ರೂಪಿನಲ್ಲಿ ಏನು ಕಾಣುತ್ತಾರೋ ಹಾಗೇ ನಡೆದುಕೊಳ್ಳುತ್ತಾರೆ. ಫೇಸ್‌ಬುಕ್‌ಗೆ ಹೊಸದಾಗಿ ಸೇರಿದ ಸುಮಾರು 1,40,000 ಜನರನ್ನು ಗಮನಿಸಿ 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಗೆಳೆಯರು ಹಂಚಿಕೊಳ್ಳುವುದನ್ನು ನೋಡಿದವರು ಮುಂದೆ ತಾವೂ ಜಾಸ್ತಿ ಹಂಚಿಕೊಂಡರು ಅಂತ ಕಂಡಿತ್ತು. ಬಂದ ದಿನವೇ ಶುಭೋದಯದ ಚಿತ್ರ ಕಂಡರೆ ಅವರೂ ಶುಭೋದಯ ಹಾಕುತ್ತಾರೆ. ತೋಟದ ಫೋಟೋ ಕಂಡರೆ ಅವರೂ ತೋಟದ ಫೋಟೋ ಹಾಕುತ್ತಾರೆ.

ಪ್ರಶ್ನೆ ಸರಿ ಮಾಡಿ, ಅರ್ಧ ಕೆಲಸ ಆಯಿತು

"ಅಡಿಕೆ ಮರ ಹಳದಿ ಆಗ್ತಿದೆ, ಏನು ಮಾಡಬೇಕು?" ಈ ಪ್ರಶ್ನೆಗೆ ಅನುಭವಸ್ಥರು ಉತ್ತರ ಕೊಡುವುದಿಲ್ಲ. ಕೊಡಬಾರದು ಕೂಡ. ಬಸಿಗಾಲುವೆ ಸರಿಯಿಲ್ಲದೆ ಬುಡದಲ್ಲಿ ನೀರು ನಿಂತರೂ ಸೋಗೆ ಹಳದಿ ಆಗುತ್ತದೆ. ಬೇರುಹುಳ ತಿಂದರೂ ಆಗುತ್ತದೆ. ಗೊಬ್ಬರ ಸಾಲದೆ ಹೋದರೂ ಆಗುತ್ತದೆ. ಸಂಪಾಜೆ, ಶೃಂಗೇರಿ, ಕೊಪ್ಪದ ಕಡೆ ತೋಟಗಳನ್ನೇ ಬರಿದು ಮಾಡಿದ ಹಳದಿ ಎಲೆ ರೋಗ ಇದ್ದರೂ ಆಗುತ್ತದೆ. ಒಂದೊಂದಕ್ಕೂ ಪರಿಹಾರ ಬೇರೆ, ಕೊನೆಯದಕ್ಕಂತೂ ಪೂರ್ತಿ ಗುಣ ಮಾಡುವ ಔಷಧಿಯೇ ಇಲ್ಲ. ಗೊತ್ತಿರುವವರು ಈ ಪ್ರಶ್ನೆಗೆ ಉತ್ತರಿಸಬೇಕೆಂದರೆ ಮೊದಲು ಹತ್ತು ಪ್ರಶ್ನೆ ವಾಪಸ್ ಕೇಳಬೇಕು. ಆ ಶ್ರಮ ಯಾರಿಗೆ ಬೇಕು ಅಂತ ಬಿಟ್ಟುಬಿಡುತ್ತಾರೆ. ಅವಸರದಲ್ಲಿ ಉತ್ತರ ಕೊಡುವವರು ಗೊತ್ತಿಲ್ಲದವರೇ.

ಆ ಹತ್ತು ಪ್ರಶ್ನೆಯನ್ನು ಅಡ್ಮಿನ್ ಕೇಳಬೇಕು. ಕೇಳಿದವರಿಗೆ ಖಾಸಗಿಯಾಗಿ ಮೆಸೇಜ್ ಮಾಡಿ, ಇಲ್ಲಾಂದರೆ ಫೋನ್ ಮಾಡಿ. ಊರು ಯಾವುದು, ಮರಕ್ಕೆ ಎಷ್ಟು ವರ್ಷ, ಯಾವ ತಳಿ, ಗದ್ದೆಯಲ್ಲಿ ಮಾಡಿದ ತೋಟವಾ ಗುಡ್ಡೆಯಲ್ಲಾ, ಹಳದಿ ತುದಿಯಿಂದ ಶುರುವಾಯಿತಾ ಇಡೀ ಎಲೆ ಒಟ್ಟಿಗೇ ಆಯಿತಾ, ಹಳೇ ಸೋಗೆಯಲ್ಲಾ ಹೊಸದರಲ್ಲಾ, ಒಂದೆರಡು ಮರವಾ ಇಡೀ ಸಾಲಾ, ಕಳೆದ ಸಲ ಏನು ಗೊಬ್ಬರ ಯಾವಾಗ ಹಾಕಿದ್ದು. ಫೋಟೋ ಮೂರು ಬೇಕು: ಸೋಗೆಯದ್ದು ಹತ್ತಿರದಿಂದ, ಇಡೀ ಮರದ್ದು, ಮತ್ತೆ ಬುಡದ್ದು. ಇಷ್ಟನ್ನು ಒಟ್ಟು ಸೇರಿಸಿ, ಅವರ ಒಪ್ಪಿಗೆ ತೆಗೆದುಕೊಂಡು, ಒಂದೇ ಮೆಸೇಜಾಗಿ ಗ್ರೂಪಿಗೆ ಹಾಕಿ. ಈಗ ನೋಡಿ, ಯಾವಾಗಲೂ ಸುಮ್ಮನಿರುವವರೇ "ಬುಡ ಅಗೆದು ಬೇರು ನೋಡಿದ್ದೀರಾ?" ಅಂತ ಬರುತ್ತಾರೆ. ಪ್ರಶ್ನೆ ಖಚಿತವಾಗಿದ್ದರೆ ಗೊತ್ತಿರುವವರಿಗೆ ಸುಮ್ಮನಿರುವುದು ಕಷ್ಟ.

ಎರಡನೇ ಹೆಜ್ಜೆ, ಹೆಸರು ಹಿಡಿದು ಕೇಳುವುದು. "ಯಾರಿಗಾದರೂ ಗೊತ್ತಿದ್ದರೆ ತಿಳಿಸಿ" ಅಂದರೆ ಅದು ಯಾರಿಗೂ ಕೇಳಿದ ಹಾಗಲ್ಲ. ನೋಟ್‌ಬುಕ್ ತೆಗೆಯಿರಿ. ಬೇರುಹುಳದ ಕಾಟ ಅನುಭವಿಸಿ ಪಾರಾದವರು ಯಾರು ಅಂತ ನೋಡಿ. "ಭಟ್ರೇ, ನಿಮ್ಮ ಕೆಳಗಿನ ತೋಟದಲ್ಲಿ ಹೀಗೇ ಆಗಿತ್ತಲ್ವಾ, ಆಗ ಮೊದಲು ಏನು ಮಾಡಿದ್ರಿ?" ಅಂತ ಕೇಳಿ. "ಗೌಡ್ರೇ, ನಿಮ್ಮದು ಗದ್ದೆ ತೋಟ, ಬಸಿಗಾಲುವೆ ಎಷ್ಟು ಆಳ ತೆಗೆಸಿದ್ದೀರಿ?" ಅಂತ ಕೇಳಿ. ಇಲ್ಲಿ ಎರಡು ವಿಷಯ ಗಮನಿಸಿ. ಅವರಿಗೆ ಮಾತ್ರ ಗೊತ್ತಿರುವುದನ್ನೇ ಕೇಳಿದ್ದೀರಿ. ಅವರ ಅಭಿಪ್ರಾಯ ಕೇಳಿಲ್ಲ, ಅವರು ಮಾಡಿದ್ದನ್ನು ಕೇಳಿದ್ದೀರಿ. ಮಾಡಿದ್ದನ್ನು ಹೇಳುವುದಕ್ಕೆ ಯಾರಿಗೂ ಸಂಕೋಚ ಇಲ್ಲ, ಅದರಲ್ಲಿ ದೊಡ್ಡಸ್ತಿಕೆಯ ಪ್ರಶ್ನೆ ಬರುವುದಿಲ್ಲ.

ಹೀಗೆ ಕೇಳುವುದರ ಬೆಲೆಯನ್ನು ಬೇರೆ ಕಡೆ ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ನಡೆಸುವ ಮೂವಿಲೆನ್ಸ್ ಅನ್ನುವ ತಾಣದಲ್ಲಿ ಜನ ಸಿನಿಮಾಗಳಿಗೆ ಅಂಕ ಕೊಡುತ್ತಾರೆ. ಅಲ್ಲಿನ ಕೆಲವು ಸದಸ್ಯರಿಗೆ, ಬೇರೆಯವರು ಅಷ್ಟಾಗಿ ನೋಡದ ಸಿನಿಮಾಗಳ ಬಗ್ಗೆ ನೀವು ಹೇಳುವುದು ವಿಶೇಷ, ಅದು ನಿಮ್ಮಿಂದಲೇ ಸಿಗಬೇಕು ಅನ್ನುವ ಅರ್ಥದಲ್ಲಿ ಮೇಲ್ ಕಳಿಸಿದರು. ಅಂಥವರು ಜಾಸ್ತಿ ಅಂಕ ಕೊಟ್ಟರು. "ಕೈಲಾದಷ್ಟು ಮಾಡಿ" ಅನ್ನುವುದಕ್ಕಿಂತ "ಇಷ್ಟು ಸಿನಿಮಾಗೆ ಕೊಡಿ" ಅಂತ ಲೆಕ್ಕ ಹೇಳಿ ಕೇಳಿದಾಗಲೂ ಹಾಗೇ ಆಯಿತು. ಸಿನಿಮಾ ಬದಲು ಕೊಳೆರೋಗ ಅಂತ ಇಟ್ಟುಕೊಳ್ಳಿ, ಮನುಷ್ಯರ ಮನಸ್ಸು ಬದಲಾಗುವುದಿಲ್ಲ.

ಒಂದು ಎಚ್ಚರಿಕೆ. ಕೆಲವರಿಗೆ ಎಲ್ಲರೆದುರು ಹೆಸರು ಕರೆದರೆ ಮುಜುಗರ. ಅವರಿಗೆ ಮೊದಲು ಫೋನ್ ಮಾಡಿ, "ನಿಮ್ಮ ಹೆಸರು ಹೇಳಿ ಗ್ರೂಪಿನಲ್ಲಿ ಕೇಳಲಾ?" ಅಂತ ವಿಚಾರಿಸಿ.

ಬಾಯಲ್ಲಿ ಹೇಳಲಿ, ಅವರವರ ಮಾತಿನಲ್ಲಿ ಹೇಳಲಿ

ಟೈಪ್ ಮಾಡಿ ಅಂತ ಹಟ ಮಾಡಬೇಡಿ. ವಾಯ್ಸ್ ಮೆಸೇಜ್ ಬರಲಿ. ತೋಟದಲ್ಲಿ ನಿಂತು, ಮರ ತಟ್ಟಿಕೊಂಡು ಹೇಳಿದ ಎರಡು ನಿಮಿಷದ ಮಾತಿನಲ್ಲಿ ಇರುವಷ್ಟು ವಿವರ ಬರಹದಲ್ಲಿ ಬರುವುದಿಲ್ಲ. ಹವ್ಯಕದಲ್ಲಿ ಹೇಳಲಿ, ಅರೆಭಾಷೆಯಲ್ಲಿ ಹೇಳಲಿ, ತುಳುವಿನಲ್ಲಿ ಹೇಳಲಿ. ಆಮೇಲೆ ಗ್ರೂಪಿನ ಯಾರಾದರೂ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಅದನ್ನು ಕೇಳಿ ಕನ್ನಡದಲ್ಲಿ ನಾಲ್ಕು ಸಾಲು ಮಾಡಿ ಕೆಳಗೆ ಹಾಕಲಿ, ಹೇಳಿದವರ ಹೆಸರು ಊರಿನ ಸಮೇತ. ಇದರಿಂದ ಇನ್ನೊಂದು ಲಾಭ ಇದೆ. ಆ ಹುಡುಗರಿಗೂ ಗ್ರೂಪಿನಲ್ಲಿ ಒಂದು ಕೆಲಸ ಸಿಗುತ್ತದೆ, ಇಲ್ಲವಾದರೆ "ನಮಗೇನು ಗೊತ್ತು" ಅಂತ ಅವರು ದೂರ ಇರುತ್ತಾರೆ. ಕನ್ನಡದಲ್ಲಿ ಮಾತಾಡುವವರಿಗೆ ಫೋನಿನ ಜೀಬೋರ್ಡ್‌ನಲ್ಲಿ ಹೇಳಿದ್ದನ್ನು ಅಕ್ಷರ ಮಾಡುವ ಸೌಕರ್ಯವೂ ಇದೆ, ಒಂದು ಸಲ ತೋರಿಸಿಕೊಡಿ.

ವೀಡಿಯೊ ಮಾಡುವುದಾದರೆ ಊರಿನವರನ್ನೇ ತೋರಿಸಿ. ಡಿಜಿಟಲ್ ಗ್ರೀನ್ ಅನ್ನುವ ಸಂಸ್ಥೆ ಹುಟ್ಟಿದ್ದು ಬೆಂಗಳೂರಿನಲ್ಲೇ, 2006ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಒಂದು ಯೋಜನೆಯಾಗಿ. ಊರಿನ ರೈತರಿಂದಲೇ ವೀಡಿಯೊ ಮಾಡಿಸಿ ಸುತ್ತಲಿನ ರೈತರಿಗೆ ತೋರಿಸುವುದು ಅವರ ದಾರಿ. ತಮ್ಮ ಹಾಗೇ ಇರುವವರು, ತಮ್ಮ ಮಾತಾಡುವವರು ಮಾಡಿದ್ದನ್ನು ಕಂಡರೆ ಜನ ನಂಬುತ್ತಾರೆ ಅನ್ನುವುದು ಅದರ ಬುನಾದಿ. ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ. ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದದ ಕೋಲಿನಲ್ಲಿ) ನೆಲದ ಮೇಲೆ ನಿಂತೇ ಔಷಧಿ ಹೊಡೆಯುವುದು ಹೇಗೆ ಅಂತ ಪಕ್ಕದ ಊರಿನವರು ಮಾಡಿ ತೋರಿಸಿದ ಒಂದು ನಿಮಿಷದ ವೀಡಿಯೊ ಸಾಕು.

ಈಗ ಹೆಂಗಸರ ವಿಷಯ. ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಕೊಟ್ಟಿಗೆ ಗೊಬ್ಬರ, ತರಕಾರಿ, ಮಲ್ಲಿಗೆ, ಇದರಲ್ಲೆಲ್ಲ ಅವರಿಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿಲ್ಲ. ಆದರೂ ಗ್ರೂಪಿನಲ್ಲಿ ಅವರ ಧ್ವನಿ ಇಲ್ಲ. ಮುಖ್ಯ ಕಾರಣ ನಂಬರು. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ಫೋನ್ ನಂಬರು ಎಲ್ಲರಿಗೂ ಕಾಣುತ್ತದೆ. ಒಂದು ಉತ್ತರ ಹಾಕಿದರೆ ರಾತ್ರಿ ಗುರುತಿಲ್ಲದವರಿಂದ ಮೆಸೇಜ್ ಬರುತ್ತದೆ ಅನ್ನುವ ಭಯ ಸುಮ್ನೆ ಹುಟ್ಟಿದ್ದಲ್ಲ. ಟೆಲಿಗ್ರಾಂನಲ್ಲಿ ನಂಬರು ಮುಚ್ಚಿಡಬಹುದು. ಅದು ಆಗದಿದ್ದರೆ ಹೆಂಗಸರದ್ದೇ ಒಂದು ಗ್ರೂಪ್ ಮಾಡಿ, ಅಡ್ಮಿನ್ ಆಗಿ ಒಬ್ಬ ಅಕ್ಕ ಇರಲಿ, ಅಲ್ಲಿ ಬಂದ ಒಳ್ಳೆಯ ವಿಷಯವನ್ನು ಅವರ ಒಪ್ಪಿಗೆ ಇದ್ದರೆ ಅವರ ಹೆಸರಿನಲ್ಲೇ ದೊಡ್ಡ ಗ್ರೂಪಿಗೆ ತರಲಿ. ಯಾರಾದರೂ ಗುರುತಿಲ್ಲದ ಹೆಂಗಸಿಗೆ ಬೇಡದ ಮೆಸೇಜ್ ಮಾಡಿದರು ಅಂತ ಗೊತ್ತಾದರೆ ಅವತ್ತೇ ತೆಗೆದುಹಾಕಿ. ಅವರು ಎಷ್ಟೇ ದೊಡ್ಡ ಕೃಷಿಕರಾಗಿರಲಿ, ದಾಕ್ಷಿಣ್ಯ ಬೇಡ.

ತಪ್ಪು ಹೇಳಿದವರನ್ನು ತಿದ್ದುವುದು

ಇಲ್ಲಿ ಎರಡು ಥರದ ತಪ್ಪು ಇದೆ, ಎರಡನ್ನೂ ಒಂದೇ ಥರ ನೋಡಬಾರದು.

ಮೊದಲನೆಯದು ಅನುಭವದ ವ್ಯತ್ಯಾಸ. ಒಬ್ಬರು ಗಿಡದ ನಡುವೆ ಇಷ್ಟು ಅಂತರ ಬೇಕು ಅನ್ನುತ್ತಾರೆ, ಇನ್ನೊಬ್ಬರು ಅಷ್ಟು ಬೇಡ ಅನ್ನುತ್ತಾರೆ. ಒಬ್ಬರು ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಒಳ್ಳೆಯದು ಅನ್ನುತ್ತಾರೆ, ಮತ್ತೊಬ್ಬರು ಡ್ರಿಪ್. ಇಲ್ಲಿ ಯಾರೂ "ಅದು ತಪ್ಪು" ಅನ್ನದಂತೆ ನೋಡಿಕೊಳ್ಳಿ. "ನಮ್ಮ ಕಡೆ ಹೀಗೆ ಮಾಡುತ್ತೇವೆ, ಮಣ್ಣು ಹೀಗಿದೆ" ಅಂತ ಹೇಳುವುದನ್ನು ರೂಢಿ ಮಾಡಿಸಿ. ಮೊದಲ ಸಲ ಬಾಯಿ ಬಿಟ್ಟವರನ್ನು ಯಾರಾದರೂ ಲೇವಡಿ ಮಾಡಿದರೆ ಆ ಮೆಸೇಜ್ ಅಳಿಸಿ, ಲೇವಡಿ ಮಾಡಿದವರ ಜತೆ ಖಾಸಗಿಯಾಗಿ ಮಾತಾಡಿ. ಒಂದು ಲೇವಡಿಯಿಂದ ಒಬ್ಬರಲ್ಲ, ನೋಡುತ್ತಿದ್ದ ಎಷ್ಟೋ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ.

ಎರಡನೆಯದು ಅಪಾಯದ ತಪ್ಪು. ಔಷಧಿಯ ಅಳತೆ, ಯಾವುದನ್ನು ಯಾವುದರ ಜತೆ ಬೆರೆಸುವುದು, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯುವುದು. ಇದರಲ್ಲಿ ತಪ್ಪು ಕಂಡರೆ ಕೂಡಲೇ, ಎಲ್ಲರೆದುರೇ ಸರಿ ಮಾಡಬೇಕು. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹೊಳೆಯುವ ಚಾಕು ಅದ್ದಿದಾಗ ಕೆಂಪು ಕಟ್ಟಿದರೆ ಸುಣ್ಣ ಸಾಲದು ಅಂತ ಅರ್ಥ. ಇಂಥದ್ದನ್ನು "ಅವರವರ ಅನುಭವ" ಅಂತ ಬಿಡಲಾಗದು. ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದ ಹಳ್ಳಿಗಳಲ್ಲೂ ಗೇರು ತೋಟಕ್ಕೆ ಮೇಲಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಏನು ಮಾಡಿತು ಅಂತ ಕಣ್ಣಾರೆ ಕಂಡ ಊರುಗಳು ನಮ್ಮವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿಹೋಗಿತ್ತು. ತಿದ್ದುವಾಗಲೂ ವ್ಯಕ್ತಿಯನ್ನು ಬಿಟ್ಟು ಅಳತೆಯನ್ನು ಹಿಡಿದು ಮಾತಾಡಿ: "ಈ ಅಳತೆ ಜಾಸ್ತಿ ಆಯಿತು, ಲೇಬಲ್ಲಿನಲ್ಲಿ ಹೀಗಿದೆ" ಅಂತ ಲೇಬಲ್ ಫೋಟೋ ಹಾಕಿ. ಸಾಧ್ಯವಾದರೆ ಮೊದಲೇ ಹೇಳಿದವರಿಗೇ ಫೋನ್ ಮಾಡಿ, ಅವರೇ ತಿದ್ದಿ ಹಾಕುವಂತೆ ಮಾಡಿ.

ವಿಜ್ಞಾನಿಗಳು ಗ್ರೂಪಿನಲ್ಲಿದ್ದರೆ ಒಳ್ಳೆಯದೇ. ವಿಟ್ಲದಲ್ಲಿ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಪ್ರಾದೇಶಿಕ ಕೇಂದ್ರ ಇದೆ, ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಆದರೆ ಅವರು ಮೊದಲೇ ಉತ್ತರ ಕೊಟ್ಟರೆ ಕೃಷಿಕರು ಮಾತಾಡುವುದಿಲ್ಲ, "ಅವರೇ ಹೇಳಿದ ಮೇಲೆ ನಾವೇನು ಹೇಳುವುದು" ಅಂತ. ಆದ್ದರಿಂದ ಅವರ ಜತೆ ಒಂದು ಒಪ್ಪಂದ ಮಾಡಿಕೊಳ್ಳಿ. ಅಪಾಯದ ವಿಷಯ ಬಿಟ್ಟು ಬೇರೆಲ್ಲದಕ್ಕೂ ಒಂದು ದಿನ ಕಾಯಲಿ. ಕೃಷಿಕರು ಹೇಳಿದ ಮೇಲೆ ಬಂದು, ಇಂಥವರು ಹೇಳಿದ್ದರಲ್ಲಿ ಇದು ಸರಿ, ಇದಕ್ಕೆ ಕಾರಣ ಹೀಗೆ ಅಂತ ವಿವರಿಸಲಿ. ವಿಜ್ಞಾನಿಯೊಬ್ಬರು ಎಲ್ಲರೆದುರು "ಸರಿ" ಅಂದ ಮೇಲೆ ಆ ಕೃಷಿಕರು ಮುಂದಿನ ಸಲ ತಾವಾಗೇ ಬರುತ್ತಾರೆ. ವಿಜ್ಞಾನಿಗಳಿಗೂ ಇದರಿಂದ ಉಪಯೋಗ ಇದೆ. ಎಲೆಚುಕ್ಕಿ ರೋಗ ಈ ವಾರ ಯಾವ ಊರಿನಲ್ಲಿ ಕಾಣಿಸಿತು ಅಂತ ಕಚೇರಿಯಲ್ಲಿ ಕೂತು ತಿಳಿಯುವುದು ಕಷ್ಟ, ಗ್ರೂಪಿನಲ್ಲಿ ಅದೇ ದಿನ ಗೊತ್ತಾಗುತ್ತದೆ. ಇದಕ್ಕೆ ವಾಟ್ಸಾಪಿನ ಪೋಲ್ ಚೆನ್ನಾಗಿ ಒದಗುತ್ತದೆ. "ನಿಮ್ಮ ತೋಟದಲ್ಲಿ ಎಲೆಚುಕ್ಕಿ ಇದೆಯಾ: ಇಲ್ಲ, ಸ್ವಲ್ಪ, ಜಾಸ್ತಿ" ಅಂತ ಹಾಕಿದರೆ ಒಂದು ಅಕ್ಷರವನ್ನೂ ಬರೆಯದವರು ಬೆರಳು ಒತ್ತುತ್ತಾರೆ.

ಏನಾಯಿತು ಅಂತ ಹೇಳಿಸಿ

ಇದೊಂದನ್ನು ಮಾಡಿದರೆ ಉಳಿದದ್ದು ಅರ್ಧಂಬರ್ಧ ಆದರೂ ಗ್ರೂಪ್ ಬದುಕುತ್ತದೆ. ಪ್ರಶ್ನೆ ಕೇಳಿ, ಉತ್ತರ ಪಡೆದು, ಕೈಮುಗಿದ ಚಿತ್ರ ಹಾಕಿ ಹೋದವರು ಮತ್ತೆ ಬರುವುದೇ ಇಲ್ಲ. ಉತ್ತರ ಹೇಳಿದವರಿಗೆ ಅದು ಒಳಗೊಳಗೇ ಕಾಡುತ್ತದೆ. ನಾನು ಹೇಳಿದ್ದನ್ನು ಮಾಡಿದರಾ? ಮರ ಉಳಿಯಿತಾ? ಗೊತ್ತಾಗದೆ ಹೋದರೆ ಎರಡು ಮೂರು ಸಲ ನೋಡಿ ಸುಮ್ಮನಾಗುತ್ತಾರೆ.

ಆದ್ದರಿಂದ ಪ್ರತಿ ಪ್ರಶ್ನೆಗೂ ಒಂದು ತಾರೀಕು ಬರೆದಿಟ್ಟುಕೊಳ್ಳಿ. ಕೊಳೆರೋಗಕ್ಕೆ ಮುಂಗಾರು ಶುರುವಾಗುವ ಹೊತ್ತಿಗೆ ಮೊದಲ ಸಿಂಪಡಣೆ, 40ರಿಂದ 45 ದಿನ ಬಿಟ್ಟು ಎರಡನೆಯದು ಅನ್ನುವ ಲೆಕ್ಕ ಇದೆಯಲ್ಲ, ಎರಡನೇ ಸಿಂಪಡಣೆ ಹೊತ್ತಿಗೆ ಕೇಳಿದವರಿಗೆ ಫೋನ್ ಮಾಡಿ. "ಮೊದಲನೆಯದು ಹೇಗಾಯಿತು? ಕಾಯಿ ಉದುರುವುದು ಕಮ್ಮಿ ಆಯಿತಾ? ಗೊನೆಯ ಒಂದು ಫೋಟೋ ಹಾಕಿ, ಹೇಳಿಕೊಟ್ಟವರ ಹೆಸರು ಹಾಕಿ." ಕೆಲಸ ಕೆಟ್ಟಿದ್ದರೂ ಹೇಳಲಿ. "ನೀವು ಹೇಳಿದ ಹಾಗೆ ಮಾಡಿದೆ, ಆದರೆ ನಮ್ಮಲ್ಲಿ ಹತ್ತಲಿಲ್ಲ" ಅನ್ನುವುದಕ್ಕೂ ಬೆಲೆ ಇದೆ, ಯಾಕೆ ಅಂತ ಹುಡುಕುವಾಗ ಮೂರನೆಯವರು ಮಾತಿಗೆ ಬರುತ್ತಾರೆ.

ಸಣ್ಣ ಮೆಚ್ಚುಗೆಗೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ ವಿಕಿಪೀಡಿಯದ ಉದಾಹರಣೆ ಇದೆ. ಅಲ್ಲಿ ಜಾಸ್ತಿ ಕೆಲಸ ಮಾಡುವವರ ಪುಟದಲ್ಲಿ ಬೇರೆ ಸದಸ್ಯರು ಬಾರ್ನ್‌ಸ್ಟಾರ್ ಅಂತ ಒಂದು ನಕ್ಷತ್ರದ ಚಿತ್ರ ಅಂಟಿಸುತ್ತಾರೆ. ಅದಕ್ಕೆ ಹಣದ ಬೆಲೆ ಏನೂ ಇಲ್ಲ. 2012ರಲ್ಲಿ ಇಬ್ಬರು ಸಂಶೋಧಕರು ತುಂಬ ದುಡಿಯುವ ಸಂಪಾದಕರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಈ ನಕ್ಷತ್ರ ಕೊಟ್ಟು ನೋಡಿದರು. ಮುಂದಿನ ಮೂರು ತಿಂಗಳಲ್ಲಿ ಅವರ ಕೆಲಸ, ನಕ್ಷತ್ರ ಸಿಗದವರಿಗಿಂತ ಶೇಕಡಾ 60ರಷ್ಟು ಜಾಸ್ತಿ ಇತ್ತು. ನಮ್ಮ ಗ್ರೂಪಿಗೆ ನಕ್ಷತ್ರ ಬೇಡ. "ನಿಮ್ಮ ಮಾತು ಕೇಳಿ ಈ ಸಲ ನನ್ನ ಗೊನೆ ಉಳಿಯಿತು" ಅನ್ನುವ ಒಂದು ಸಾಲು ಅದಕ್ಕಿಂತ ದೊಡ್ಡದು.

ಇದರ ಜತೆಗೇ ಇರುವುದು ಹೆಸರಿನ ಪ್ರಶ್ನೆ. ವಾಟ್ಸಾಪಿನಲ್ಲಿ ಒಂದು ಮೆಸೇಜ್ ಫಾರ್ವರ್ಡ್ ಮಾಡಿದ ಕೂಡಲೇ ಬರೆದವರ ಹೆಸರು ಮಾಯ, "ಫಾರ್ವರ್ಡೆಡ್" ಅನ್ನುವುದು ಮಾತ್ರ ಉಳಿಯುತ್ತದೆ. ತಾವು ಕಷ್ಟಪಟ್ಟು ಬರೆದದ್ದು ನಾಲ್ಕು ಗ್ರೂಪ್ ಸುತ್ತಿ, ಹೆಸರಿಲ್ಲದೆ ತಮಗೇ ವಾಪಸ್ ಬಂದರೆ ಯಾರಿಗೆ ಬೇಸರ ಆಗುವುದಿಲ್ಲ ಹೇಳಿ? ಅದನ್ನೇ ಯಾರೋ ಯೂಟ್ಯೂಬ್‌ನಲ್ಲಿ ತಮ್ಮದೇ ಅಂತ ಹೇಳಿಕೊಂಡರೆ ಆ ಮನುಷ್ಯ ಮತ್ತೆ ಬರೆಯುವುದಿಲ್ಲ. ಅದಕ್ಕೆ ಬರಹದ ಮೊದಲ ಸಾಲಿನಲ್ಲೇ ಹೆಸರು, ಊರು ಸೇರಿಸಿ. ಕೊನೆಯಲ್ಲಿ ಹಾಕಿದರೆ ಕತ್ತರಿಸಿ ಕಳಿಸುತ್ತಾರೆ. ಗ್ರೂಪಿನಿಂದ ಹೊರಗೆ ಕಳಿಸುವುದಾದರೆ ಬರೆದವರನ್ನು ಕೇಳಿಯೇ ಕಳಿಸಬೇಕು ಅನ್ನುವುದು ನಿಮ್ಮ ಗ್ರೂಪಿನ ಮುರಿಯಬಾರದ ನಿಯಮ ಆಗಲಿ.

ಬಹುಮಾನ, ಅಂಕ, ತಿಂಗಳ ಉತ್ತಮ ಸದಸ್ಯ, ಇವೆಲ್ಲ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಂಕ ಕೊಟ್ಟರೆ ಜನ ಅಂಕಕ್ಕೆ ಉತ್ತರ ಕೊಡುತ್ತಾರೆ. ಗೊತ್ತಿಲ್ಲದ್ದಕ್ಕೂ ಕೊಡುತ್ತಾರೆ. ಉತ್ತರಕ್ಕೆ ಅಂಕ ಕೊಡುತ್ತಿದ್ದ ಯಾಹೂ ಆನ್ಸರ್ಸ್‌ನಲ್ಲಿ ಎಂಥೆಂಥ ಉತ್ತರ ಬರುತ್ತಿತ್ತು ಅಂತ ನೋಡಿದವರಿಗೆ ನೆನಪಿರಬಹುದು, 2021ರಲ್ಲಿ ಅದು ಮುಚ್ಚಿಯೇ ಹೋಯಿತು. ಗೊಬ್ಬರದ ಕಂಪನಿಯವರು ಬಹುಮಾನ ಪ್ರಾಯೋಜಿಸುತ್ತೇವೆ ಅಂತ ಬಂದರಂತೂ ಬೇಡವೇ ಬೇಡ. ಮಾರುವವರು ಗ್ರೂಪಿನಲ್ಲಿ ಇರಲಿ, ಅವರಿಗೂ ಗೊತ್ತಿರುವುದು ಬಹಳ ಇದೆ. ಆದರೆ ಉತ್ತರ ಕೊಡುವಾಗ "ನನ್ನದು ಅಂಗಡಿ ಇದೆ" ಅಂತ ಹೇಳಿಯೇ ಕೊಡಲಿ. ಉತ್ತರದ ಹಿಂದೆ ವ್ಯಾಪಾರ ಇದೆ ಅನ್ನುವ ಅನುಮಾನ ಒಮ್ಮೆ ಬಂದರೆ, ನಿಸ್ವಾರ್ಥವಾಗಿ ಹೇಳುವವರ ಮೇಲೂ ಅದೇ ಅನುಮಾನ ಬೀಳುತ್ತದೆ. ಅವರಿಗೆ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ.

ಕೂಡಿಡುವುದು, ಕೈ ಬದಲಿಸುವುದು

ಪ್ರತಿ ಮಳೆಗಾಲವೂ ಅದೇ ಪ್ರಶ್ನೆ ಬರುತ್ತದೆ. ಕಳೆದ ವರ್ಷ ಚಂದ ಮಾಡಿ ಉತ್ತರಿಸಿದವರಿಗೆ ಮತ್ತೆ ಮೊದಲಿಂದ ಹೇಳಲು ಬೇಜಾರು. ವಾಟ್ಸಾಪಿನಲ್ಲಿ ಮೆಸೇಜ್ ಪಿನ್ ಮಾಡಬಹುದು, ಆದರೆ ಅದು ಹೆಚ್ಚೆಂದರೆ 30 ದಿನ ಇರುತ್ತದೆ. ಆದ್ದರಿಂದ ಒಳ್ಳೆಯ ಉತ್ತರಗಳನ್ನು ಒಂದು ಗೂಗಲ್ ಡಾಕ್‌ನಲ್ಲಿ ಕೂಡಿಡಿ. ತಿಂಗಳ ಪ್ರಕಾರ ಜೋಡಿಸಿ: ಮೇ ತಿಂಗಳಿಗೆ ಬೋರ್ಡೋ, ಮಳೆಗಾಲಕ್ಕೆ ಕೊಳೆರೋಗ ಮತ್ತು ಬಸಿಗಾಲುವೆ, ಚಳಿಗಾಲಕ್ಕೆ ಕೊಯ್ಲು, ಒಣಗಿಸುವುದು. ಪ್ರತಿ ಉತ್ತರಕ್ಕೂ ಹೆಸರು, ಊರು, ವರ್ಷ. ಯಾರಾದರೂ ಹಳೇ ಪ್ರಶ್ನೆ ಕೇಳಿದರೆ "ಇಂಥವರು ಹೋದ ವರ್ಷ ಹೇಳಿದ್ದು ಇಲ್ಲಿದೆ, ಈ ಸಲ ಇದಕ್ಕೆ ಸೇರಿಸುವುದು ಏನಾದರೂ ಇದೆಯಾ?" ಅಂತ ಕೊಂಡಿ ಹಾಕಿ. ತಮ್ಮ ಮಾತು ವರ್ಷದ ಮೇಲೂ ಬಳಕೆಯಲ್ಲಿದೆ ಅಂತ ಕಂಡವರು ಹೊಸ ಅನುಭವವನ್ನು ತಾವೇ ತಂದು ಸೇರಿಸುತ್ತಾರೆ.

ಜುಲೈ, ಆಗಸ್ಟ್ ತಿಂಗಳಲ್ಲಿ ಗ್ರೂಪ್ ತಣ್ಣಗಾಗುತ್ತದೆ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಬಿಸಿಲು ಕಂಡ ಕೂಡಲೇ ಎಲ್ಲರೂ ಔಷಧಿ ಹೊಡೆಯಲು ಓಡುತ್ತಾರೆ. ಆಗ ಗ್ರೂಪ್ ಚಟುವಟಿಕೆಯಿಂದ ಇರಲಿ ಅಂತ ಕಂಡದ್ದನ್ನೆಲ್ಲ ಫಾರ್ವರ್ಡ್ ಮಾಡಬೇಡಿ. ಸುಮ್ಮನಿರಲಿ.

ಕೊನೆಗೆ ಅಡ್ಮಿನ್ ವಿಷಯ. ಇಷ್ಟೆಲ್ಲ ಫೋನ್ ಮಾಡುವುದು, ಬರೆದಿಡುವುದು, ಜಗಳ ಬಿಡಿಸುವುದು ಒಬ್ಬರಿಂದ ವರ್ಷಗಟ್ಟಲೆ ಆಗುವ ಕೆಲಸ ಅಲ್ಲ. ಬೇರೆ ಬೇರೆ ಊರಿನ ಮೂರು ಜನ ಇರಲಿ, ಅವರಲ್ಲಿ ಒಬ್ಬರು ಇಪ್ಪತ್ತು ಮೂವತ್ತರ ವಯಸ್ಸಿನವರಾಗಿರಲಿ, ಒಬ್ಬರು ಹೆಂಗಸಾಗಿರಲಿ. ಪ್ರಶ್ನೆ ಸರಿ ಮಾಡುವುದು ಒಬ್ಬರು, "ಏನಾಯಿತು" ಅಂತ ಫೋನ್ ಮಾಡುವುದು ಒಬ್ಬರು, ಕೂಡಿಡುವುದು ಒಬ್ಬರು. ಕೊಯ್ಲು ಮುಗಿದು ಕೈ ಸ್ವಲ್ಪ ಖಾಲಿಯಾದ ಮೇಲೆ ಒಂದು ಭಾನುವಾರ ಯಾರದ್ದಾದರೂ ತೋಟದಲ್ಲಿ ಎಲ್ಲರೂ ಸೇರಿ, ಆ ವರ್ಷ ಜಾಸ್ತಿ ಉತ್ತರ ಕೊಟ್ಟವರ ತೋಟವೇ ಆದರೆ ಇನ್ನೂ ಒಳ್ಳೆಯದು. ನೋಟ್‌ಬುಕ್ಕನ್ನು ಮುಂದಿನ ವರ್ಷದ ಅಡ್ಮಿನ್‌ಗೆ ಅಲ್ಲೇ ಕೊಟ್ಟುಬಿಡಿ.